ಬೈಗುಳ ಕೇಳಿದ ಬೀಸಣಿಗೆ ಮರ

ನಮ್ಮೂರಿನಲ್ಲಿ ಮನೆ ನೋಡಲು ಬಂದವರು ಮೊದಲು ಬಾವಿ ನೋಡುವುದಿಲ್ಲ, ಅಡುಗೆಮನೆಯ ಬೆಳಕನ್ನೂ ನೋಡುವುದಿಲ್ಲ. ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾರೆ. ಎದುರು ಮನೆಯವರ ನಾಲಿಗೆ ಒಳ್ಳೆಯದಿದ್ದರೆ ಮಾಳಿಗೆ ಸೋರುತ್ತಿದ್ದರೂ ನಡೆಯುತ್ತದೆ. ನಮ್ಮಲ್ಲಿ ಪ್ರತಿ ಮನೆಯ ಅಂಗಳದಲ್ಲೂ ಬೀಸಣಿಗೆಯಂಥ ಗರಿಯ ತಾಳೆ ಒಂದಿರುತ್ತದೆ, ಆ ಬೀಸಣಿಗೆ ಮರಕ್ಕೆ ನೀರು ನಾವೇ ಹಾಕಬಹುದು, ಬುಡಕ್ಕೆ ಮರಳು ನಾವೇ ಸುರಿಯಬಹುದು. ಆದರೆ ಅದು ಮೇಲಕ್ಕೇಳುವುದು ಎದುರು ಮನೆಯವರು ಹೊಗಳಿದಾಗ ಮಾತ್ರ. ನಮ್ಮ ಮರವನ್ನು ನಾವೇ ಹೊಗಳಿಕೊಂಡರೆ ಅದು ಕೇಳಿಸಿಕೊಳ್ಳುವುದೇ ಇಲ್ಲ. ಪಕ್ಕದ ಮನೆಯವರು ಹೊಗಳಿದರೆ ಮರ್ಯಾದೆಗೆಂದು ಒಂದು ಗರಿ ಅಲ್ಲಾಡಿಸುತ್ತದೆ, ಅಷ್ಟೇ.

ಬಾಯಿಗೆ ಬಂದದ್ದನ್ನು ಹೇಳಿದರೂ ಆಗದು. ನಿನ್ನೆ ಹೇಳಿದ್ದನ್ನೇ ಇವತ್ತು ಹೇಳಿದರೆ ಮರ ಕಿವುಡನಂತೆ ನಿಂತುಬಿಡುತ್ತದೆ. ಇಲ್ಲದ್ದನ್ನು ಹೇಳಿದರೆ ಒಂದು ಗರಿ ಹಳದಿಯಾಗುತ್ತದೆ. ಹೊಸದನ್ನು, ನಿಜವಾದದ್ದನ್ನು ಹೇಳಬೇಕೆಂದರೆ ನಿಂತು ನೋಡಲೇಬೇಕು. ನಮ್ಮೂರಿನವರು ಬೆಳಿಗ್ಗೆ ಹಲ್ಲುಜ್ಜುತ್ತ ಕತ್ತೆತ್ತಿ ನಿಂತಿರುವುದನ್ನು ಕಂಡು ಹೊರಗಿನವರು ವಿಮಾನ ಹೋಗುತ್ತಿದೆಯೇನೋ ಎಂದು ತಾವೂ ಕತ್ತೆತ್ತುತ್ತಾರೆ. ಗರಿಯ ದಂಟಿನ ಎರಡೂ ಬದಿಗೆ ಗರಗಸದಂಥ ಹಲ್ಲುಗಳಿವೆ ಎಂಬುದು ನಮ್ಮ ಸಣ್ಣ ಮಕ್ಕಳಿಗೂ ಗೊತ್ತು. ಎಲೆಯ ಅಂಚಿನಿಂದ ಬಿಳಿ ನೂಲು ಇಳಿಬಿದ್ದಿರುತ್ತದೆ, ಗುಬ್ಬಿಗಳು ಅದನ್ನು ಕಿತ್ತುಕೊಂಡು ಹೋಗಿ ಗೂಡಿಗೆ ಹಾಸುತ್ತವೆ. ಒಣಗಿದ ಗರಿ ಉದುರುವುದಿಲ್ಲ, ಕಾಂಡದ ಸುತ್ತ ಲಂಗ ಉಟ್ಟಂತೆ ಜೋತುಬೀಳುತ್ತದೆ. ಆ ಲಂಗದ ಮಡಿಕೆಗಳಲ್ಲಿ ಅಳಿಲು, ಬಾವಲಿ, ಗೂಬೆ ಎಲ್ಲವೂ ಒಂದೇ ವಠಾರದವರಂತೆ ಹೊಂದಿಕೊಂಡು ಬಾಳುತ್ತವೆ. ನೆತ್ತಿಯ ನಡುವೆ ಮುಚ್ಚಿದ ಬೀಸಣಿಗೆಯಂತೆ ನಿಂತಿರುವುದು ಸುಳಿ. ಮರಕ್ಕೆ ಇರುವುದು ಅದೊಂದೇ. ಕೊಂಬೆ ಕಡಿದರೆ ಮಾವು ಇನ್ನೊಂದು ಕಡೆ ಚಿಗುರುತ್ತದೆ, ಸುಳಿ ಸತ್ತರೆ ಬೀಸಣಿಗೆ ಮರ ಸತ್ತ ಹಾಗೆಯೇ.

ಇದರಿಂದ ಊರಿಗೆ ಒಂದು ಲಾಭವೂ ಆಗಿದೆ. ಎದುರು ಬದುರು ಮನೆಯವರ ಜಗಳ ನಮ್ಮಲ್ಲಿ ವಾರ ದಾಟುವುದಿಲ್ಲ. ಕೋಳಿ ಕದ್ದನೆಂದು ಬೆಳಿಗ್ಗೆ ಕೂಗಾಡಿದವನೇ ಸಂಜೆ ಅಂಗಳಕ್ಕೆ ಬಂದು, ಮುಖ ಗಂಟಿಕ್ಕಿಕೊಂಡೇ, "ನಿಮ್ಮ ಮರದ ನೆರಳು ಇವತ್ತ ನಮ್ಮ ಕಟ್ಟಿ ಮ್ಯಾಲ ಹಸ್ತ ಚಾಚಿದಂಗ ಬಿದ್ದಿತ್ತು" ಎಂದು ಹೇಳಿ ಹೋಗುತ್ತಾನೆ. ಅವನ ಮರವೂ ಬೆಳೆಯಬೇಕಲ್ಲ.

ನನ್ನ ಹೆಸರು ಶಂಕ್ರವ್ವ. ಬಿದ್ದ ಗರಿಗಳನ್ನು ಸೀಳಿ ಬೀಸಣಿಗೆ ಹೆಣೆದು ಮಾರುತ್ತೇನೆ. ನನ್ನ ನಾಲಿಗೆ ಊರಿಗೆಲ್ಲ ಗೊತ್ತು. ಹೊಗಳಿ ಅಟ್ಟಕ್ಕೇರಿಸುವವರು ಎಲ್ಲ ಕಡೆ ಇದ್ದಾರೆ, ನಾನು ಹೊಗಳಿ ಮರವನ್ನೇ ಮಾಳಿಗೆ ದಾಟಿಸಿದವಳು. ಎದುರು ಮನೆಯ ಸರಸಕ್ಕನ ಮರ ನನ್ನ ಮಾತು ಉಂಡು ಉಂಡು ನೀರಿನ ಟಾಕಿಯನ್ನು ಮೀರಿತ್ತು. ಅವಳ ಮಾತಿಗೆ ನನ್ನದೂ ಅಷ್ಟೇ ಎತ್ತರ ಎದ್ದಿತ್ತು. ಆಮೇಲೆ ಸರಸಕ್ಕ ತಂಗಿಯ ಊರಿಗೆ ಹೊರಟಳು. ನಮ್ಮಲ್ಲಿ ಮನೆ ಬಿಡುವವರು ಮರವನ್ನು ಬಿಟ್ಟು ಹೋಗುವುದಿಲ್ಲ. ಬೇರಿನ ಸುತ್ತ ಕೊಪ್ಪರಿಗೆಯಷ್ಟು ಮಣ್ಣು ಉಳಿಸಿಕೊಂಡು ಅಗೆದು, ಗರಿಗಳನ್ನೆಲ್ಲ ಮೇಲಕ್ಕೆತ್ತಿ ಸುಳಿಯ ಸುತ್ತ ಜುಟ್ಟು ಕಟ್ಟಿ, ಉದ್ದನೆಯ ಗಾಡಿಯಲ್ಲಿ ಮಲಗಿಸಿಕೊಂಡು ಹೋಗುತ್ತಾರೆ. ಸರಸಕ್ಕ ಗಾಡಿಯ ಹಿಂದೆ ಮರದ ತುದಿ ಹಿಡಿದುಕೊಂಡು ನಡೆದಳು. ನಾನು ಓಣಿಯ ಕೊನೆಯವರೆಗೂ ಹೋಗಿ ಅತ್ತು ಬಂದೆ. ಅಳುವಿನಲ್ಲಿ ಅರ್ಧ ಸರಸಕ್ಕನಿಗೆ, ಅರ್ಧ ಇನ್ನು ಮುಂದೆ ಯಾರ ನಾಲಿಗೆಗೆ ಸಿಕ್ಕುತ್ತದೋ ಎಂದು ನನ್ನ ಮರಕ್ಕೆ.

ಆ ಮನೆಗೆ ಬಂದವಳು ತಿಪ್ಪವ್ವ. ಜೊತೆಗೆ ಮಗಳು ಕಲ್ಲವ್ವ, ಐದಾರು ತಿಂಗಳ ಬಸುರಿ. ಅಳಿಯ ಲಾರಿಯ ಮೇಲೆ ದೂರದ ಊರುಗಳಿಗೆ ಹೋದರೆ ಬರುವುದು ಯಾವಾಗಲೋ. ಅವರ ಕಡೆ ಮಕ್ಕಳು ಉಳಿಯದ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಚಂದದ ಹೆಸರು ಇಡುವುದಿಲ್ಲವಂತೆ. ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ, ತಿಪ್ಪವ್ವ ಎಂದು ಕರೆದರೆ ಸಾವು ಮೂಗು ಮುಚ್ಚಿಕೊಂಡು ಹೋಗುತ್ತದೆ ಎಂಬ ನಂಬಿಕೆ. ತಾಯಿ ಹಾಗೆ ಉಳಿದವಳು, ಮಗಳು ಕಲ್ಲಿನ ಹೆಸರಿನಲ್ಲಿ ಉಳಿದವಳು.

ಹೊಸಬರಿಗೆ ನಮ್ಮೂರಿನ ಕಟ್ಟುಪಾಡು ಒಂದೇ. ಬಂದ ಮೇಲೆ ಅಂಗಳದಲ್ಲಿ ಸಸಿ ನೆಡಬೇಕು, ಎದುರು ಮನೆಯವರ ಹೊಗಳಿಕೆಗೆ ಯುಗಾದಿಯೊಳಗೆ ಅದರ ಸುಳಿ ಬಿಚ್ಚಿ ಹೊಸ ಗರಿ ಹರಡಬೇಕು. ಬಿಚ್ಚದಿದ್ದರೆ ಮನೆ ಖಾಲಿ ಮಾಡಬೇಕು. ಪಂಚರ ಹಿರಿಯ ಅಡವೆಪ್ಪ ಸಸಿಯ ಜೊತೆಗೇ ಇದನ್ನೂ ಅವರ ಕೈಗೆ ಕೊಟ್ಟು ಹೋದ. ನಾನು ಲೆಕ್ಕ ಹಾಕಿದೆ, ಕಲ್ಲವ್ವನ ದಿನ ತುಂಬುವುದೂ ಯುಗಾದಿಯ ಹೊತ್ತಿಗೇ. ಸುಳಿ ಬಿಚ್ಚದಿದ್ದರೆ ಆ ಹುಡುಗಿ ಬೆನ್ನು ಹಿಡಿದುಕೊಂಡು ಗಂಟುಮೂಟೆಯ ಮೇಲೆ ಕೂರಬೇಕಾಗುತ್ತದೆ. ಅವರು ಹಿಂದೆ ಇದ್ದ ಮನೆಯನ್ನು ಬಿಟ್ಟುಕೊಟ್ಟೇ ಬಂದಿದ್ದರು.

"ಚಿಂತಿ ಮಾಡಬ್ಯಾಡಬೇ ತಿಪ್ಪವ್ವ, ನಾ ಇದೀನಿ" ಎಂದೆ. ಹೇಳಿದ್ದು ಜಂಬದಿಂದಲೇ. ಮರುದಿನ ಬೆಳಿಗ್ಗೆ ಎದ್ದವಳೇ ಅವರ ಅಂಗಳದಲ್ಲಿ ನಿಂತು ಸಸಿಯನ್ನು ಹೊಗಳತೊಡಗಿದೆ. ಮೊಣಕಾಲುದ್ದದ ಸಸಿ, ಆದರೆ ಗರಿಯ ಮಡಿಕೆಗಳು ಇಸ್ತ್ರಿ ಹಾಕಿದ ಸೀರೆಯ ನೆರಿಗೆಯಂತಿದ್ದವು. ಅದನ್ನೇ ಹೇಳಿದೆ. ತಿಪ್ಪವ್ವ ಒಳಗಿನಿಂದ ಓಡಿ ಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅಕ್ಕಾರ, ನಿಮ್ಮ ಕಾಲ ಬೀಳ್ತೀನಿ, ಹೊಗಳಬ್ಯಾಡ್ರಿ! ನೆದರ ಆಕ್ಕೈತಿ!"

"ಹೊಗಳದಿದ್ರ ಹೆಂಗ ಬೆಳೀತೈತಬೇ? ದೃಷ್ಟಿ ಆಗಾಕ ಅದೇನ ಕೂಸ?"

ಕೂಸು ಎಂದ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ಕಟ್ಟೆಯ ಮೇಲೆ ಕೂತು, ಮಗಳಿಗೆ ಕೇಳಿಸದಂತೆ ಹೇಳಿದಳು. ಕಲ್ಲವ್ವನಿಗೆ ಹೋದ ವರ್ಷ ಒಂದು ಗಂಡು ಹುಟ್ಟಿತ್ತು. ಬಂದವರೆಲ್ಲ ಏನು ಬಣ್ಣ, ಏನು ಕಣ್ಣು ಎಂದರು. ತಿಪ್ಪವ್ವನೂ ಮೈಮರೆತು, ಹೌದು, ನಮ್ಮ ರಾಜ ಚಂದ ಅದಾನ ಎಂದುಬಿಟ್ಟಳು. ತೊಟ್ಟಿಲ ಹೂವು ಬಾಡುವ ಮೊದಲೇ ಕೂಸು ಹೋಯಿತು. "ನನ್ನ ಬಾಯಿಂದನ ಹೋತ್ರಿ ಅಕ್ಕಾರ. ಈಗ ಈ ಅಂಗಳದಾಗ ಯಾರೂ ಏನೂ ಚಂದ ಅನಬಾರದು." ನಾನು ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ.

ಆದರೆ ಮರದ ನಿಯಮ ಅವಳ ದುಃಖ ಕೇಳಿ ಸಡಿಲವಾಗುವುದಿಲ್ಲವಲ್ಲ. ಅವಳು ನೀರಿಗೆ ಹೋದಾಗ, ಸಂತೆಗೆ ಹೋದಾಗ ಕದ್ದು ಕದ್ದು ಸಸಿಯನ್ನು ಹೊಗಳಿ ಬರುತ್ತಿದ್ದೆ. ಎಷ್ಟೇ ಪಿಸುಗುಟ್ಟಿದರೂ ನನ್ನ ಗಂಟಲು ಓಣಿಗೆಲ್ಲ ಕೇಳುವಂಥದ್ದು, ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಹೊಗಳಿಕೆ ದಿನಕ್ಕೊಂದು ಹೊಸದು, ಎಲ್ಲವೂ ಅಪ್ಪಟ ನಿಜ. ಆದರೂ ಸುಳಿ ಅಲ್ಲಾಡಲಿಲ್ಲ. ಇದ್ದ ಗರಿಗಳ ತುದಿಯೂ ಕಂದುಗಟ್ಟುತ್ತ ಬಂತು. ನನ್ನ ನಾಲಿಗೆಗೆ ಇಂಥ ಅವಮಾನ ಎಂದೂ ಆಗಿರಲಿಲ್ಲ.

ಇತ್ತ ನನ್ನ ಮರದ ಗತಿ? ಹೊಗಳಬೇಕಾದ ಎದುರು ಮನೆಯವಳು ಬಾಯಿ ಬಿಟ್ಟರೆ ಬೈಗುಳ. ಬೆಳಿಗ್ಗೆ ಅಂಗಳ ಗುಡಿಸುತ್ತ ಸೊಂಟಕ್ಕೆ ಕೈಯಿಟ್ಟು ನಿಂತು ಶುರು ಮಾಡುವಳು. "ಎಲಾ ಸೋಗಲಾಡಿ! ಲಂಗದ ಮ್ಯಾಲ ಲಂಗ ಉಟ್ಕೊಂಡು ಯಾರ ಮದುವಿಗೆ ಹೊಂಟಿ? ಆಕಾಶಕ್ಕೇನ ಕಸಾ ಹೊಡ್ಯಾಂವ ಇದ್ದೀಯೇನ? ಬೆನ್ನಾಗ ಡೊಂಕ ಇಟಗೊಂಡು ನೆಟ್ಟಗ ಇದೀನಿ ಅಂತ ಮೆರಿತಾನ ನೋಡ!"

ನನಗೆ ಮೈಯೆಲ್ಲ ಉರಿಯಿತು. ನನ್ನ ಮರಕ್ಕೆ ಡೊಂಕೆ? ಹೋಗಿ ನಿಂತು ನೋಡಿದೆ. ನಿಜ, ನಡುವಿಗಿಂತ ಸ್ವಲ್ಪ ಮೇಲೆ ಒಂದು ಸಣ್ಣ ಬಾಗು. ಎಳೆಯದಿದ್ದಾಗ ಹಳೆಯ ಗೋಡೆಗೆ ತಾಗಿ ಸರಿದು, ಗೋಡೆ ದಾಟಿದ ಮೇಲೆ ತನಗೆ ತಾನೇ ನೆಟ್ಟಗೆ ನಿಂತ ಗುರುತು. ಇಷ್ಟು ವರ್ಷ ಹೊಗಳಿದ ಸರಸಕ್ಕ ಅದನ್ನು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಹಾಗೆಯೇ ಕಣ್ಣು ಮೇಲೆ ಹಾಯಿಸಿದರೆ ಸುಳಿಯ ಪಕ್ಕ ಎರಡು ಹೊಸ ಗರಿಗಳು ಅಂಗೈ ಬಿಚ್ಚಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದವು. ಬೈಗುಳ ತಿಂದು ನನ್ನ ಮರ ಅಷ್ಟು ಬೆಳೆದಿತ್ತು! ನನ್ನ ಯಜಮಾನರು ಚಹಾದ ಬಟ್ಟಲು ಹಿಡಿದು ಹಿಂದೆ ನಿಂತವರು, "ನಾ ಇಷ್ಟು ವರ್ಷ ನಿನ್ನ ಕಡಿಂದ ಬೈಸ್ಕೊಂಡೂ ದಪ್ಪ ಆಗೂದು ಯಾಕಂತ ಈಗ ತಿಳೀತು" ಎಂದರು. ಈ ಮನುಷ್ಯನಿಗೆ ಮಾತು ಬರುವುದಿಲ್ಲ ಎಂದುಕೊಂಡಿದ್ದೆ.

ಹಾಗಾದರೆ ಅವಳ ಸಸಿಗೆ ಏನಾಗಿದೆ? ಬುಡದ ಬಳಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಮಣ್ಣಿನ ಮೇಲೆ ಬೆಳ್ಳಗೆ ಪದರ ಕಟ್ಟಿತ್ತು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ನಾನು ಹೊಗಳಿ ಹೋದಾಗಲೆಲ್ಲ ತಿಪ್ಪವ್ವ ಒಂದು ಮುಷ್ಟಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿಯ ಇಳಿ ತೆಗೆದು, ಬೇರೆಯವರು ತುಳಿಯಬಾರದೆಂದು ಸಸಿಯ ಬುಡಕ್ಕೇ ಸುರಿದು ನೀರು ಹಾಕುತ್ತಿದ್ದಳು. ನನ್ನ ಹೊಗಳಿಕೆ ಹೆಚ್ಚಾದಷ್ಟೂ ಉಪ್ಪು ಹೆಚ್ಚು. ನಾವಿಬ್ಬರೂ ಸೇರಿ, ಇಬ್ಬರೂ ಪ್ರೀತಿಯಿಂದಲೇ, ಆ ಸಸಿಯನ್ನು ಉಪ್ಪಿನಕಾಯಿ ಹಾಕುತ್ತಿದ್ದೆವು.

ತಿಪ್ಪವ್ವನನ್ನು ಕರೆದು ತೋರಿಸಿದೆ. ಅವಳು ತಲೆ ಚಚ್ಚಿಕೊಳ್ಳತೊಡಗಿದಳು, "ನಾನ ಕೊಂದ್ನಲ್ಲರೀ, ಇದನ್ನೂ ನಾನ ಕೊಂದ್ನಲ್ಲ" ಎಂದು. ಗದರಿಸಿದೆ. "ಸುಳಿ ಹಸರ ಐತಿ, ಕಣ್ಣ ಬಿಟ್ಟು ನೋಡು. ಸತ್ತಿಲ್ಲ. ಸನಿಕಿ ತಗೊಂಡ ಬಾ." ಇಬ್ಬರೂ ಸುತ್ತ ಅಗೆದು ಬೇರಿನ ಸಮೇತ ಎತ್ತಿದೆವು. ಉಪ್ಪು ಕುಡಿದ ಮಣ್ಣನ್ನೆಲ್ಲ ಹೊರಗೆ ಹಾಕಿ, ಹಳ್ಳದ ಮರಳು ತುಂಬಿ, ಮೊದಲು ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇಟ್ಟೆವು. ಕುತ್ತಿಗೆ ಮುಚ್ಚಿದರೆ ಕೊಳೆಯುತ್ತದೆ. ಗಾಳಿಗೆ ಅಲುಗದಂತೆ ಮೂರು ಕೋಲು ಆಸರೆ ಕೊಟ್ಟು, ಕೊಡಗಟ್ಟಲೆ ನೀರು ಬಿಟ್ಟು ಬೇರು ತೊಳೆದೆವು. ಕಲ್ಲವ್ವ ಹೊಸ್ತಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

ಒಪ್ಪಂದವಾಯಿತು. ಅವಳು ಉಪ್ಪು ಹಾಕಬಾರದು, ನಾನು ಹೊಗಳಬಾರದು. ಮರ ಬೆಳೆಯಲು ನಾನು ಅವಳ ಹಾಗೆ ಬೈಯಬೇಕು. ಇದೇನು ಮಹಾ ಎಂದುಕೊಂಡೆ. "ದರಿದ್ರ ಮುಂಡೇದ, ಯಾತಕ್ಕೂ ಬಾರದ್ದ!" ಎಂದು ಶುರು ಮಾಡಿದರೆ ಸಂಜೆಯೊಳಗೆ ಒಂದು ಗರಿ ಹಳದಿಯಾಯಿತು.

"ಅಕ್ಕಾರ, ನೀವು ಖರೇನ ಬೈಯಾಕತ್ತೀರಿ" ಎಂದಳು ತಿಪ್ಪವ್ವ. "ಹಂಗಲ್ಲ. ಮೊದಲ ಮುದ್ದ ಬಂದು ಬಾಯಿ ತುಂಬಬೇಕು. ತಡಕೊಳ್ಳಾಕ ಆಗಬಾರದು. ಆಮ್ಯಾಲ ಅದನ್ನ ಬೋರಲ ಹಾಕಿ ಹೇಳಬೇಕು."

ಅದು ಹೊಗಳುವುದಕ್ಕಿಂತ ಕಷ್ಟ. ಹೊಗಳುವಾಗ ನಾನು ಮರದ ಜೊತೆಗೆ ನನ್ನ ಮಾತನ್ನೂ ಕೇಳಿಸಿಕೊಂಡು ಖುಷಿಪಡುತ್ತಿದ್ದೆ. ಇಲ್ಲಿ ಮಾತು ಚಂದವಾದರೆ ಕೆಟ್ಟಿತು. ಅವಳು ನನ್ನ ಮರವನ್ನು ಬೈಯುವುದನ್ನು ದಿನವೂ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಆ ಹೆಂಗಸು ಎಷ್ಟು ನೋಡುತ್ತಿದ್ದಳು! ಲಂಗದೊಳಗಿನ ಗೂಬೆಗೆ ಒಂದು ಕಣ್ಣು ಸಣ್ಣದೆಂದು ಅವಳೇ ಕಂಡುಹಿಡಿದದ್ದು. ಸಂಜೆಯ ಗಾಳಿಗೆ ಗರಿಗಳು ಸದ್ದು ಮಾಡಿದರೆ, "ಮಳಿ ಬಂತಂತ ಹಪ್ಪಳ ತಗದ್ನಲ್ಲೋ ಮೋಸಗಾರಾ" ಎಂದು ಗದರುವಳು, ಗದರಿ ತುಸು ಹೊತ್ತು ಅಲ್ಲೇ ನಿಂತು ಕೇಳುವಳು. ಜೀವನದಲ್ಲಿ ಒಂದು ಸಲ ಬಾಯಿಬಿಟ್ಟು ಚಂದ ಎಂದು, ಅದಕ್ಕೆ ಇಷ್ಟು ದೊಡ್ಡ ದಂಡ ತೆತ್ತವಳು. ಅಂಥವಳ ಒಳಗೆ ಇನ್ನೂ ಇಷ್ಟು ಮುದ್ದು ಉಳಿದಿತ್ತಲ್ಲ ಎಂದು ನನಗೆ ಅವಳ ಮೇಲೆ ಗೌರವ ಉಕ್ಕಿ ಬಂತು.

ಯುಗಾದಿಯ ಬೆಳಿಗ್ಗೆ ಅಡವೆಪ್ಪ ಇಬ್ಬರು ಪಂಚರನ್ನು ಕರೆದುಕೊಂಡು ಬಂದ. ಬೇವುಬೆಲ್ಲ ಇನ್ನೂ ಬಾಯಲ್ಲೇ ಇತ್ತು. ಸಸಿ ಚೇತರಿಸಿಕೊಂಡಿತ್ತು, ಸುಳಿ ಗೇಣುದ್ದ ಎದ್ದಿತ್ತು, ಆದರೆ ಬಿಚ್ಚಿರಲಿಲ್ಲ. ಒಳಗೆ ಕಲ್ಲವ್ವನಿಗೆ ನಸುಕಿನಿಂದ ನೋವು ಶುರುವಾಗಿತ್ತು. ದವಾಖಾನೆಯ ನರ್ಸಮ್ಮ ಬಂದಿದ್ದಳು. ತಿಪ್ಪವ್ವ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹೊಸ್ತಿಲಲ್ಲಿ ನಿಂತಿದ್ದಳು.

"ಸುಳಿ ಬಿಚ್ಚಿಲ್ಲ" ಎಂದ ಅಡವೆಪ್ಪ. "ನನಗೂ ಮನಸ್ಸಿಗೆ ಕೆಟ್ಟ ಅನಸ್ತೈತಿ ತಂಗಿ, ಆದ್ರ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡಾಕ ಬರಂಗಿಲ್ಲ. ಶಂಕ್ರವ್ವ, ನಿನ್ನ ನಾಲಗಿ ಏನಾತು? ಇನ್ನೂ ಹೊತ್ತ ಐತಿ. ನಮ್ಮ ಮುಂದನ ಒಂದ ಮಾತು ಬಾಯಿ ತುಂಬ ಹೊಗಳಿಬಿಡು, ನೋಡೋಣು."

ಒಳಗಿನಿಂದ ಕಲ್ಲವ್ವನ ನರಳಾಟ ಕೇಳುತ್ತಿತ್ತು. ತಿಪ್ಪವ್ವ ನನ್ನ ಮುಖ ನೋಡಿದಳು. ಬೇಡ ಎನ್ನಲೂ ಆಗದೆ, ಬೇಕು ಎನ್ನಲೂ ಆಗದೆ, ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಗಂಟಿನಲ್ಲಿ ಉಪ್ಪಿದೆ ಎಂದು ನನಗೆ ಗೊತ್ತಿತ್ತು. ಈ ಹೊತ್ತಿನಲ್ಲಿ, ಈ ಅಂಗಳದಲ್ಲಿ ನಾನು ಚಂದ ಎಂಬ ಮಾತು ಆಡಿದರೆ, ಮನೆ ಉಳಿದರೂ ಅವಳ ಜೀವ ಉಳಿಯುವುದಿಲ್ಲ. ಒಳಗೆ ಏನು ಹೆಚ್ಚುಕಮ್ಮಿಯಾದರೂ ಅವಳು ಸಾಯುವತನಕ ಅದನ್ನೇ ಹೊರುತ್ತಾಳೆ. ನಾನು ಸಸಿಯ ಮುಂದೆ ಕೂತೆ. ಉಪ್ಪಿನಲ್ಲಿ ಬಿದ್ದು ಎದ್ದ ಜೀವ. ಕಂದಿದ ತುದಿಗಳನ್ನು ಹಾಗೆಯೇ ಇಟ್ಟುಕೊಂಡು, ನಡುವೆ ಹಸಿರು ಕೋಲು ಎತ್ತಿ ನಿಂತಿತ್ತು. ಅದನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳಬೇಕೆನ್ನಿಸಿತು. ಆಗ ತಿಳಿಯಿತು, ಮುದ್ದು ಬಾಯಿ ತುಂಬುವುದೆಂದರೆ ಇದೇ ಎಂದು.

"ಎಲಾ ಕಳ್ಳಾ!" ಎಂದೆ. "ಇನ್ನೂ ಸೊಂಟಕ್ಕ ಬಂದಿಲ್ಲ, ಆಗಲೇ ಮೈತುಂಬ ಗರಗಸ ಕಟಗೊಂಡು ಯಾರ ಕೂಡ ಜಗಳಕ್ಕ ನಿಂತಿ? ಹಿಡಿ ಹಿಡಿ ಉಪ್ಪ ತಿಂದಿ, ಉಪ್ಪಿನ ಋಣಾನೂ ಇಲ್ಲೇನ ನಿನಗ? ಸುಟ್ಟ ಮೀಸಿ ಹೊತಗೊಂಡು ದೊಡ್ಡ ಪೈಲವಾನ ಆಗ್ಯಾನ! ಒಳಗ ಒಬ್ಬಾಕಿ ಪ್ರಾಣ ಹಿಂಡಕೊಂಡು ಬಿದ್ದಾಳ, ನೀ ಇಲ್ಲಿ ಮುಷ್ಟಿ ಬಿಗಿ ಹಿಡದ ನಿಂತೀಯಲ್ಲೋ ಜುಗ್ಗಾ, ಜಿಪುಣಾ! ಯಾರಿಗಂತ ಬಚ್ಚಿಟ್ಟಿ? ಬಿಡು ಕೈ! ಬಿಡತೀಯೋ ಇಲ್ಲೋ ನನ್ನ ಮುಳ್ಳಮೂತಿ!"

ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಂಕ್ರವ್ವನಿಗೆ ತಲೆ ಕೆಟ್ಟಿತು ಎಂದು ಒಬ್ಬ ಬಾಯಿ ತೆರೆಯುವಷ್ಟರಲ್ಲಿ ಅಡವೆಪ್ಪ ಅವನ ರಟ್ಟೆ ಹಿಡಿದ. ಸುಳಿಯ ತುದಿಯಲ್ಲಿ ಒಂದು ಮಡಿಕೆ ಮೆಲ್ಲಗೆ ಪಕ್ಕಕ್ಕೆ ಸರಿದಿತ್ತು. ಅದರ ಹಿಂದೆ ಇನ್ನೊಂದು. ನೂಲಿನ ಎಳೆಯೊಂದು ಎರಡರ ನಡುವೆ ಬಿಗಿದು, ಹರಿದು, ಗಾಳಿಗೆ ತೂಗಾಡಿತು. ಎಳೆಯ ಗರಿ ಕಿರುಬೆರಳಷ್ಟೇ ಬಿಚ್ಚಿದ್ದು, ಆದರೆ ಬಿಚ್ಚಿತ್ತು.

"ಕಟ್ಟುಪಾಡಿನಾಗ ಹೊಗಳಬೇಕು ಅಂತ ಐತಿ" ಎಂದು ಇನ್ನೊಬ್ಬ ಪಂಚ ಗೊಣಗಿದ.

"ಕಟ್ಟುಪಾಡು ನಮಗ ಗೊತ್ತು, ಹೊಗಳಿಕಿ ಯಾವುದು ಅಂತ ಮರಕ್ಕ ಗೊತ್ತು" ಎಂದ ಅಡವೆಪ್ಪ. "ನಡೀರಿ, ಮನಿ ಅವರದು. ಹಡಿಯೂ ಮನಿ ಮುಂದ ಗಂಡಸರಿಗೇನ ಕೆಲಸ?" ಆ ಮುದುಕನ ಬಗ್ಗೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ ಇತ್ತು. ಅವತ್ತು ಅವನ ಕಾಲಿಗೆ ಬೀಳಬೇಕೆನ್ನಿಸಿತು.

ಕಲ್ಲವ್ವ ಮಧ್ಯಾಹ್ನದ ಮೇಲೆ ಹೆತ್ತಳು. ಹೆಣ್ಣು. ಗಂಟಲು ಮಾತ್ರ ನನ್ನಂತೆಯೇ, ಓಣಿಗೆಲ್ಲ ಕೇಳುವಂಥದ್ದು.

ತೊಟ್ಟಿಲ ದಿನ ಊರಿನ ಹೆಂಗಸರೆಲ್ಲ ಬಂದರು. ನಮ್ಮೂರಿನವರ ಬಾಯಿ ನನಗೆ ಗೊತ್ತಿಲ್ಲವೆ? ನನ್ನ ಮರದ ನೆರಳು ಅವತ್ತು ರಸ್ತೆ ದಾಟಿ ಅವರ ಬಾಗಿಲವರೆಗೆ ಬಿದ್ದಿತ್ತು. ಅದರಲ್ಲಿ ನಿಂತು, ಕೂಸನ್ನು ಹೊಗಳಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿ ಹೇಳಿ ಒಳಗೆ ಬಿಟ್ಟೆ. ಪಾಪ, ಎಲ್ಲರೂ ಕಷ್ಟಪಟ್ಟರು. ಒಬ್ಬಳು ಮೂಗು ಚಪ್ಪಟಿ ಎಂದಳು, ಇನ್ನೊಬ್ಬಳು ಕಿವಿ ಆನೆಯದು ಎಂದಳು. ನಾನು ತೊಟ್ಟಿಲಿಗೆ ಬಗ್ಗಿ, "ಇದ್ಯಾವ ಕಪ್ಪಿಮರಿನ ಬಾವಿಯಿಂದ ಎತಗೊಂಡ ಬಂದೀರಬೇ?" ಎಂದೆ. ಕಲ್ಲವ್ವ ನಕ್ಕಳು. ಮಗು ನನ್ನ ಬೆರಳು ಹಿಡಿದುಕೊಂಡು ಬಿಡಲಿಲ್ಲ.

ಹೆಸರು ಮೊದಲೇ ಗೊತ್ತುಮಾಡಿದ್ದರು, ತಾಯಿಯದರಂತೆ ಕಲ್ಲಿನದೇ, ಗುಂಡವ್ವ. ಕೂಗಬೇಕಾದ ಸೋದರತ್ತೆ ಇರಲಿಲ್ಲವೆಂದು ತಿಪ್ಪವ್ವನೇ ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು. ಅವಳು ಮಗುವನ್ನು ನೋಡುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು, ದಿನವೂ ಬೆಳಿಗ್ಗೆ ಸೊಂಟಕ್ಕೆ ಕೈಯಿಟ್ಟು ನನ್ನ ಮರವನ್ನು ನೋಡುತ್ತಿದ್ದುದು ಹೀಗೆಯೇ. ಒಂದು ಕೈ ಸೆರಗಿನ ಗಂಟಿನ ಮೇಲಿತ್ತು. ಕಿಟಕಿಯಾಚೆ ಅಂಗಳದ ಸಸಿ ಹೊಸ ಗರಿಯನ್ನು ಪೂರ್ತಿ ಹರಡಿಕೊಂಡು ನಿಂತಿತ್ತು. ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಚೆಲುವವ್ವ" ಎಂದಳು. ಮಗುವಿನ ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವಂತೆ. "ಚಂದ ಅದಾಳ. ನಮ್ಮ ಹುಡುಗಿ ಭಾಳ ಚಂದ ಅದಾಳ."

ಚೆಲುವವ್ವ ಆಕಳಿಸಿ ನಿದ್ದೆಹೋದಳು. ತಿಪ್ಪವ್ವ ಇನ್ನೂ ಸ್ವಲ್ಪ ಹೊತ್ತು ಕಾದು ನೋಡಿ, ಕಣ್ಣೊರೆಸಿಕೊಂಡು, ಅಡುಗೆಮನೆಗೆ ಹೋಗಿ ಸೆರಗಿನ ಗಂಟು ಬಿಚ್ಚಿ ಆ ಉಪ್ಪನ್ನು ಕುದಿಯುತ್ತಿದ್ದ ಸಾರಿಗೆ ಹಾಕಿದಳು. ಅದಕ್ಕೆ ಮೊದಲೇ ಉಪ್ಪು ಹಾಕಿಯಾಗಿತ್ತು. ಪಂಕ್ತಿಯಲ್ಲಿ ಕೂತ ನಾವೆಲ್ಲ ಇದೆಂಥ ಸಾರು, ಸಮುದ್ರದ ನೀರು ಎಂದು ಅವಳನ್ನು ಬಾಯಿ ತುಂಬ ಬೈದೆವು. ಬೈಯುತ್ತಲೇ ಎರಡೆರಡು ಸಲ ಹಾಕಿಸಿಕೊಂಡೆವು.